ಕೊನೆಯ ಎಳೆತ

“ಕೈ ಬಿಟ್ಟೆ ನೀನು,” ಅಂದ ಮೆಕ್ಯಾನಿಕ್. “ನೇರ ದಾರಿ ಮುಗಿಯೋಕೆ ಮುಂಚೇನೇ ಆಕ್ಸಿಲರೇಟರ್ ಬಿಟ್ಟೆ.”

ಮಗಳು ಹೆಲ್ಮೆಟ್ ತೆಗೆದಳು. ಬೈಕನ್ನು ಸುತ್ತಿಕೊಂಡು ಬಂದು ಅವನ ಎದುರಿಗೇ ನಿಂತಳು. ಈಚೆಗೆ ಅವಳದು ಇದೇ ಚಾಳಿ, ಮಾತಿಗೆ ಮುಂಚೆ ಮುಖಕ್ಕೆ ಮುಖ ಕೊಟ್ಟು ನಿಲ್ಲುವುದು. ಆಮೇಲಾದರೂ ಮಾತು ಬಿಡಿಸಿ ಆಡುತ್ತಾಳೆಯೇ? ಅರ್ಧ ಅಕ್ಷರ ನುಂಗುತ್ತಾಳೆ.

“ಹೋದ ವರ್ಷ ಬಿದ್ದೆಯಲ್ಲ, ಆ ಭಯ ಹೊಟ್ಟೇಲಿ ಕೂತಿದೆ. ಹೌದೋ ಅಲ್ವೋ?”

ಅವಳು ಅವನನ್ನೇ ನೋಡಿದಳು, ಏನನ್ನೋ ತೂಗಿ ನೋಡುವವಳ ಹಾಗೆ.

“ಹೌದಪ್ಪ,” ಅಂದಳು. “ಭಯ ಆಗುತ್ತೆ.”

ಅಲ್ಲಿಗೆ ನಾಲ್ಕು ದಿನಗಳ ಪತ್ತೇದಾರಿಕೆ ಮುಗಿಯಿತು. ಕಳ್ಳ ಸಿಕ್ಕ. ಮೆಕ್ಯಾನಿಕ್‌ಗೆ ಮಾತ್ರ ಎದೆಯೊಳಗೆ ಯಾರೋ ಸ್ಪ್ಯಾನರ್ ಹಾಕಿ ತಿರುಚಿದಂತಾಯಿತು.

ಮಣ್ಣುಹಾದಿಯ ರೇಸಿನ ಆ ಟೂ-ಸ್ಟ್ರೋಕ್ ಡರ್ಟ್ ಬೈಕಿಗೆ ಮಗಳಿಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಅಜ್ಜಿಯರು ಹೇಳುವ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಈ ಬೈಕಿನ ಪ್ರಾಣವಿದ್ದದ್ದು ಅದರ ಕೂಗಿನಲ್ಲಿ. ನಿಧಾನವಾಗಿ ಹೋಗುವಾಗ ಬರೀ ಗೊಣಗಾಟ. ವೇಗ ಏರಿ ಕೊನೆಯ ಎಳೆತ ಹತ್ತಿತೆಂದರೆ, ತಗಡು ಹರಿದಂತೆ, ಮುಗಿಲಿಗೆ ಮುಟ್ಟುವ ಕೂಗು. ಮೆಕ್ಯಾನಿಕ್ ಮಣ್ಣುದಿಬ್ಬದ ಹಿಂದೆ ಕಣ್ಣುಮುಚ್ಚಿ ಕೂತು ಆ ಕೂಗು ಕೇಳಿಯೇ ಎಂಜಿನ್ ಹದ ಮಾಡುತ್ತಿದ್ದ. ಮೂರು ಊರಿನ ಸವಾರರು ಅವನ ಮುಂದೆ ಬೈಕ್ ತಂದು ನಿಲ್ಲಿಸಿ, ಸ್ಟಾರ್ಟ್ ಮಾಡಿ, ಕೈಕಟ್ಟಿ ಕಾಯುತ್ತಿದ್ದರು. ಯಾರಾದರೂ ಸ್ಟಾಪ್‌ವಾಚ್ ತೆಗೆದರೆ, “ಎಷ್ಟು ಹೊತ್ತಾಯ್ತು ಅಂತ ಅದು ಹೇಳುತ್ತೆ ಕಣಯ್ಯಾ, ಎಲ್ಲಿ ನೋಯುತ್ತೆ ಅಂತ ಹೇಳುತ್ತಾ?” ಎಂದು ನಗುತ್ತಿದ್ದ.

ಇದು ಶುರುವಾದದ್ದು ಬುಧವಾರ. ದಿಬ್ಬದ ಹಿಂದೆ ಕೂತಾಗ ಗೊಣಗಾಟ ಕೇಳಿತು, ಏರಿತು. ಏರಿದ್ದು ಅಲ್ಲೇ ಮಂಕಾಯಿತು. ಕೂಗಿಲ್ಲ.

“ಕೊನೇಲಿ ಎಳೀತಿಲ್ವಲ್ಲೇ?”

“ಚೆನ್ನಾಗೇ ಎಳೀತಪ್ಪ!” ಅಂದಿದ್ದಳು ಅವತ್ತು. ಆಮೇಲೆ ಅವನ ಮುಖ ನೋಡಿ ಸುಮ್ಮನಾದಳು. ಗುರುವಾರ ಅದೇ ಪ್ರಶ್ನೆಗೆ, “ಹೌದಪ್ಪ, ಎಳೀತಿಲ್ಲ,” ಎಂದಳು.

ಅವನು ಮೊದಲು ಏರ್ ಫಿಲ್ಟರ್ ತೊಳೆದ. ಸೈಲೆನ್ಸರಿನ ಕರಿ ಕೆರೆದ. ಗಾಳಿ ಒಳಬಿಡುವ ರೀಡ್ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿದ. ಒಂದು ಸೀಳೂ ಇರಲಿಲ್ಲ. ಕಂಪ್ರೆಷನ್ ಅಳೆದರೆ ಹೊಸ ಎಂಜಿನ್ನೂ ನಾಚಬೇಕು. ಹೊಗೆದಾರಿಯ ಪವರ್ ವಾಲ್ವ್ ಬೆಣ್ಣೆಯಂತೆ ಜಾರುತ್ತಿತ್ತು. ಪೆಟ್ರೋಲ್ ಸಾಲದೇನೋ ಎಂದು ಕಾರ್ಬುರೇಟರಿಗೆ ದೊಡ್ಡ ತೂತಿನ ಜೆಟ್ ಹಾಕಿದ. ಸ್ಪಾರ್ಕ್ ಪ್ಲಗ್ ಇದ್ದಿಲಿನಂತೆ ಕಪ್ಪಾಯಿತು. ಹಳೆಯ ಜೆಟ್ಟನ್ನೇ ಹಾಕಿದ. ಪ್ಲಗ್ ಮತ್ತೆ ಹದವಾದ ಕಂದು ಬಣ್ಣಕ್ಕೆ ಬಂತು, ಆರೋಗ್ಯವಂತ ಎಂಜಿನ್ನಿನ ಗುರುತು.

ಎಲ್ಲವೂ ಸರಿ. ಕೂಗು ಮಾತ್ರ ಇಲ್ಲ. ಶೆಡ್ಡಿನಲ್ಲೂ ಒಂದು ಬಗೆಯ ಮೌನ. ಸೂರಿನ ಗುಬ್ಬಿಗಳು ಯಾವಾಗಲೋ ಗೂಡು ಬಿಟ್ಟು ಹೋದಂತಿದ್ದವು. ಮೇಜಿನ ಮೇಲಿನ ಫೋನೂ ರಿಂಗಾಗುತ್ತಿರಲಿಲ್ಲ, ಎರಡು ಸಲ ರಿಪೇರಿ ಮಾಡಿಸಿದರೂ.

ಎಂಜಿನ್ನಿನಲ್ಲಿ ದೋಷವಿಲ್ಲವೆಂದ ಮೇಲೆ ಉಳಿದದ್ದು ಅದರ ಮೇಲೆ ಕೂತವಳು. ಈಗ ಅವಳೇ ಒಪ್ಪಿಕೊಂಡೂ ಆಗಿತ್ತು.

“ನಾಡಿದ್ದು ರೇಸಿಗೆ ನೀನು ಬೇಡ,” ಅಂದ. “ನಿಮ್ಮತ್ತೆ ಮಗ ಓಡಿಸಲಿ.”

ಹತ್ತು ವರ್ಷದಿಂದ ಆ ಸೀಟು ಅವಳದು. ಅವಳು ಅತ್ತಿದ್ದರೆ, ಜಗಳವಾಡಿದ್ದರೆ, ಅವನು ಕರಗಿಬಿಡುತ್ತಿದ್ದ. ಅವಳು ಕೈಗವಸು ಕಳಚಿ ಸೀಟಿನ ಮೇಲಿಟ್ಟಳು. “ಆಗಲಿ.”

ಆ ಸಂಜೆಯೇ ತಂಗಿಯ ಮಗ ಬಂದ. ಲಾರಿ ಓಡಿಸುವವನು, ಎಂಟೆದೆಯವನು, ಬಾಯಿಯೂ ಅಷ್ಟೇ ದೊಡ್ಡದು.

“ಏನೇ ಹೆದರುಪುಕ್ಕಲಿ,” ಎಂದ ಅವಳ ಜಡೆ ಎಳೆದು. “ಬೈಕ್ ನಂಗಂತೆ. ನಿಂಗೊಂದು ಮೂರು ಚಕ್ರದ್ದು ಕೊಡಿಸ್ಲಾ?”

“ನಿನ್ನ ಹೊಟ್ಟೆ ಹೊತ್ಕೊಂಡು ಅದು ಓಡೋದೇ ದೊಡ್ಡದು. ಹೋಗೋ,” ಅಂದಳು. ಹೆಲ್ಮೆಟ್ ತಾನೇ ತೊಡಿಸಿ ಪಟ್ಟಿ ಬಿಗಿದಳು. ಅವನೊಡನೆ ನೇರ ದಾರಿಯ ಬುಡಕ್ಕೆ ನಡೆದಳು.

ಮೆಕ್ಯಾನಿಕ್ ದಿಬ್ಬದ ಹಿಂದೆ ಕೂತು ಕಣ್ಣು ಮುಚ್ಚಿದ. ಗೊಣಗಾಟ. ಏರಿತು. ಇನ್ನೇನು ಬಂತು ಎಂದು ಉಸಿರು ಬಿಗಿಹಿಡಿದ. ಏರಿದ್ದು ಮತ್ತೆ ಮಂಕಾಗಿ, ಹತ್ತಿಯಲ್ಲಿ ಸುತ್ತಿಟ್ಟಂತೆ ಅಡಗಿತು.

ಇವನೂ ಬಿಟ್ಟ!

ಬೈಕ್ ದಿಬ್ಬ ಬಳಸಿ ಬಂದು ನಿಂತಿತು. ದೂರದಲ್ಲಿ ಮಗಳು ಓಡೋಡಿ ಬರುತ್ತಿದ್ದಳು, ಕೈ ಬೀಸುತ್ತ, ಏದುಸಿರು ಬಿಡುತ್ತ. ಸೀಟು ವಾಪಸ್ ಕೇಳಲು ಬರುತ್ತಿದ್ದಾಳೆ ಎಂದುಕೊಂಡ. ಕೇಳಿದರೆ ಕೊಟ್ಟುಬಿಡಬೇಕು ಎಂದೂ ಅಂದುಕೊಂಡ.

“ನಿಂಗೂ ಭಯ ಹತ್ತಿತೇನೋ?” ಎಂದ ಸೋದರಳಿಯನಿಗೆ. “ಯಾಕೋ ಕೊನೇಲಿ ಬಿಟ್ಟೆ?”

“ಬಿಟ್ನಾ? ಮಾವ, ಪೂರ್ತಿ ತಿರುಗಿಸಿದ್ದೆ!” ಅಳಿಯ ಹೆಲ್ಮೆಟ್ ಕಿತ್ತು, ಅಂಗೈಯಿಂದ ಕಿವಿ ಉಜ್ಜಿಕೊಂಡು ನಕ್ಕ. “ಅಬ್ಬಬ್ಬಾ, ಏನು ಕೂಗುತ್ತೆ! ದಾರೀಲಿದ್ದ ನಾಯಿಗಳೆಲ್ಲ ದಿಕ್ಕಾಪಾಲು. ನಿಮ್ಮ ದಿಬ್ಬದ ಪಕ್ಕದಲ್ಲೇ ತಾನೆ ಹೋಗಿದ್ದು, ನಿಮಗೆ...”

ಅವನ ಬಾಯಿ ತೆರೆದೇ ಉಳಿಯಿತು. ಕಣ್ಣು ಮೆಕ್ಯಾನಿಕ್‌ನ ಹೆಗಲಿನಾಚೆ ನೆಟ್ಟಿತು. ಮೆಕ್ಯಾನಿಕ್ ತಿರುಗಿದ. ಮಗಳು ಬೆನ್ನ ಹಿಂದೆ ಮೂರೇ ಹೆಜ್ಜೆ ದೂರದಲ್ಲಿದ್ದಳು. ಅವಳು ಬಂದು ನಿಂತದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಬೇಡ, ಹೇಳಬೇಡ ಎಂದು ಅವಳು ಅಳಿಯನಿಗೆ ತಲೆಯಾಡಿಸುತ್ತಿದ್ದಳು. ಕೆನ್ನೆಯ ಧೂಳಿನಲ್ಲಿ ಕಣ್ಣೀರು ಎರಡು ಗೆರೆ ಎಳೆದಿತ್ತು.

ನಾಲ್ಕು ದಿನದಿಂದಲೂ ಎಂಜಿನ್ ಕೂಗುತ್ತಲೇ ಇತ್ತು. ಅಪ್ಪನ ಕಿವಿಗೆ ಈಗ ಏರುದನಿ ಕೇಳುತ್ತಿಲ್ಲವೆಂಬುದು ಅಪ್ಪನಿಗೆ ತಿಳಿಯದಿರಲೆಂದೇ ಮಗಳು ಹೇಡಿಯಾಗಿದ್ದಳು.