ಹಿಡಿಯ ಸ್ಕ್ರೂ

ಸ್ಕ್ರೂಡ್ರೈವರ್ ಮತ್ತೆ ಜಾರಿ, ರೈಫಲ್ಲಿನ ನಳಿಗೆಯ ಕೆಳಗಿನ ಮರದ ಹಿಡಿಯ ಮೇಲೆ ಇನ್ನೊಂದು ಗೀರು ಬಿತ್ತು. ಬ್ಯಾಂಕಿನ ಕಾವಲುಗಾರ ಹಲ್ಲು ಕಡಿದ. ನಿನ್ನೆಯ ಮಳೆಗೆ ನೆನೆದು ಉಬ್ಬಿದ ಹಿಡಿಯನ್ನು ಬಿಚ್ಚಿ ಒರೆಸದಿದ್ದರೆ ನಳಿಗೆಗೆ ತುಕ್ಕು ಹಿಡಿಯುತ್ತಿತ್ತು. ಇಪ್ಪತ್ತು ವರ್ಷ ಲೀಲಾಜಾಲವಾಗಿ ಬಿಚ್ಚಿದ್ದ ಸ್ಕ್ರೂ ಇವತ್ತು ಹಟ ಹಿಡಿದು ಕೂತಿತ್ತು.

"ಈ ಮನೇಲಿ ನೆಟ್ಟಗಿರೋ ಒಂದು ಸ್ಕ್ರೂಡ್ರೈವರ್ ಇಲ್ಲ! ಇದರಲ್ಲಿ ಡಬ್ಬದ ಮುಚ್ಚಳ ಮೀಟಿದ್ಯಾ?" ಎಂದು ಹೆಂಡತಿಯ ಮೇಲೆ ಹರಿಹಾಯ್ದ.

"ಕುಣಿಯೋಕೆ ಬರದವಳಿಗೆ ನೆಲ ಡೊಂಕಂತೆ," ಎಂದು ನಗುತ್ತ ಅವಳು ಪಕ್ಕದಲ್ಲಿ ಕೂತಳು. ಅವನ ಮಂಡಿಯ ಬಳಿ ಹಾಸಿದ್ದ ಪೇಪರಿನ ಮೇಲೆ ಕಣ್ಣು ಬಿದ್ದದ್ದೇ ನಗು ನಿಂತಿತು. ಅಲ್ಲಿಂದ ಸ್ಕ್ರೂ ಎತ್ತಿ ಅವನ ಅಂಗೈಗಿಟ್ಟಳು. "ಇದು ಆಗಲೇ ಬಿದ್ದಿದೆ ಕಣ್ರೀ. ಇಷ್ಟೊತ್ತೂ ಬರೀ ತೂತಿನಲ್ಲಿ ತಿರುಗಿಸ್ತಿದ್ರಿ."

ಅವನು ರೈಫಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದ. ತೂತು ಕಾಣಲಿಲ್ಲ. ಆರು ತಿಂಗಳಿಂದ ಬಲ್ಬನ್ನು, ಧೂಳನ್ನು, ಕನ್ನಡಕದ ಅಂಗಡಿಯವನನ್ನು ಬೈದಿದ್ದಾಗಿತ್ತು. ಇನ್ನು ಬೈಯಲು ಯಾರೂ ಉಳಿದಿರಲಿಲ್ಲ.

"ಬ್ಯಾಂಕಿನ ಬಾಗಿಲಿಗೆ ಬಂದವರ ಮುಖಾನೂ ಕಾಣಲ್ಲ ಕಣೇ," ಎಂದ ಮೆಲ್ಲಗೆ. "ನಾಳೆ ಮ್ಯಾನೇಜರಿಗೆ ನಾನೇ ಹೇಳ್ತೀನಿ. ಈ ಬಂದೂಕು ಇನ್ನು ನನ್ನ ಕೈಲಿರಬಾರದು."