ಜೇನಿನ ಚಮಚ

ಒಂಬತ್ತನೇ ತರಗತಿಯ ಮಗಳ ನೀರಿನ ಬಾಟಲಿಯಲ್ಲಿ ಮದ್ಯ ಸಿಕ್ಕಿತೆಂದು ಶಾಲೆಯವರು ತಾಯಿಯನ್ನು ಕರೆಸಿದ್ದರು. ಮನೆಗೆ ಬಂದಾಗಿನಿಂದ ಅವಳು ಒಂದನ್ನೇ ಕೇಳುತ್ತಿದ್ದಳು.

"ಯಾರೇ ನಿಂಗೆ ಇದರ ರುಚಿ ಹತ್ತಿಸಿದ್ದು? ಆ ಟ್ಯೂಷನ್ ಹುಡುಗೀರಾ?"

"ಅಲ್ಲಮ್ಮ."

"ಮತ್ಯಾರು? ನಿಮ್ಮಪ್ಪ ಮುಟ್ಟಲ್ಲ. ನಮ್ಮ ವಂಶದಲ್ಲೇ ಯಾರೂ ಮುಟ್ಟಿದವರಲ್ಲ. ಹೆಸರು ಹೇಳೇ, ನಿನ್ನ ಕಾಲಿಗೆ ಬೀಳ್ತೀನಿ."

ತಾಯಿ ನಿಜವಾಗಿಯೂ ಬಗ್ಗಿದಳು. ಮಗಳು ಕಾಲು ಹಿಂದಕ್ಕೆಳೆದುಕೊಂಡು ಅತ್ತಳು.

ಅಷ್ಟರಲ್ಲಿ ಒಳಗೆ ಮಲಗಿದ್ದ ಎರಡು ವರ್ಷದ ಚಿಕ್ಕವಳು ಕೆಮ್ಮತೊಡಗಿದಳು. ಬೆಳಗಿನಿಂದ ಅವಳಿಗೆ ನೆಗಡಿ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು. ಜೀರಿಗೆ ಡಬ್ಬಿಯ ಹಿಂದೆ, ಬಾಣಂತನದ ಕಾಲದಿಂದಲೂ ಇಟ್ಟುಕೊಂಡಿದ್ದ ಬ್ರಾಂಡಿ ಸೀಸೆಯಿತ್ತು. ಒಂದು ಚಮಚ ಜೇನುತುಪ್ಪಕ್ಕೆ ಅದರಿಂದ ನಾಲ್ಕು ಹನಿ ಬೆರೆಸಿ ತಂದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು.

"ಕುಡಿ ಕಂದಾ, ಔಷಧಿ. ನಿಮ್ಮಕ್ಕನೂ ಇದನ್ನೇ ಕುಡಿದು ದೊಡ್ಡವಳಾಗಿದ್ದು."

ಮಗಳು ಓಡಿಬಂದು ಚಮಚ ಹಿಡಿದ ಆ ಕೈಯನ್ನು ಎರಡೂ ಕೈಗಳಿಂದ ಅದುಮಿ ಹಿಡಿದಳು.

"ಇವಳಿಗಾದ್ರೂ ಬೇಡಮ್ಮ."