ಅಳುವ ಬೆಕ್ಕುಗಳ ಮಾರುಕಟ್ಟೆ

ಗಂಗೊಳ್ಳಿಯ ಮೀನು ಮಾರುಕಟ್ಟೆಯಲ್ಲಿ ಬೆಕ್ಕುಗಳು ಕಣ್ಣೀರು ಹಾಕಲು ಕಲಿತು ಎಷ್ಟೋ ತಲೆಮಾರು ಕಳೆದಿತ್ತು. ನೋಡಿದರೆ ಪಾಪ ಎನಿಸುವ ಬೆಕ್ಕಿಗೇ ಮೀನುಗಾರ್ತಿಯರು ಮೀನಿನ ತಲೆ ಎಸೆಯುತ್ತ ಬಂದದ್ದರಿಂದ, ಅಳಲು ಬಾರದವು ಸೊರಗಿಹೋದವು, ಅತ್ತವು ಉಂಡು ಮರಿಹಾಕಿದವು. ಈಗಿನವಂತೂ ಹುಟ್ಟುತ್ತಲೇ ಕುಂಟುತ್ತಿದ್ದವು. ಯಾರೂ ನೋಡದಾಗ ಜಿಗಿದು ಓಡುತ್ತಿದ್ದವು.

ಅಂದು ಮೀನುಗಾರ್ತಿ ಗುಲಾಬಿಯ ಬುಟ್ಟಿಯಲ್ಲಿ ಉಳಿದದ್ದು ಒಂದೇ ಅಂಜಲ್ ಮೀನು. ಹೊಸ ಅಳಿಯ ಮೊದಲ ಸಲ ಊಟಕ್ಕೆ ಬರುವವನಿದ್ದ.

"ಇವತ್ತು ನೀವೆಷ್ಟ್ ಅತ್ರೂ ಕೊಡೂದಿಲ್ಲೆ!" ಎಂದು ಅವಳು ಬೆಕ್ಕುಗಳಿಗೆ ಸಾರಿದಳು.

"ನಿನ್ನೆಯೂ ಹಿಂಗೇ ಹೇಳಿ ಎರಡ್ ಬಂಗ್ಡಿ ಕೊಟ್ಯಲ್ದಾ ಮಾರಾಯ್ತಿ?" ಪಕ್ಕದಲ್ಲಿ ಕೂತಿದ್ದ ಸಾಕಕ್ಕ ನಕ್ಕಳು.

ಒಂದು ಬೆಕ್ಕು ಮೂರ್ಛೆ ಹೋಯಿತು. ಗುಲಾಬಿ ಅತ್ತ ತಿರುಗಲಿಲ್ಲ. ಇನ್ನೊಂದು ತನ್ನ ಮರಿಗಳನ್ನೆಲ್ಲ ತಂದು ಸಾಲಾಗಿ ಕೂರಿಸಿತು. ಅವಳು ಬುಟ್ಟಿಯ ಮೇಲೆ ಸೆರಗು ಮುಚ್ಚಿದಳು.

ಆಗ ಸಾಲಿನಿಂದ ಒಂದು ಬೂದು ಮರಿ ಎದ್ದು ಬಂತು. ಅದು ಅಳಲಿಲ್ಲ, ಬುಟ್ಟಿಯ ಕಡೆ ನೋಡಲೂ ಇಲ್ಲ. ಬೆಳಗಿನಿಂದ ಕೂತು ಮರಗಟ್ಟಿದ್ದ ಗುಲಾಬಿಯ ಸೊಂಟವನ್ನು ಪುಟ್ಟ ಪಂಜಗಳಿಂದ ಮೆಲ್ಲಗೆ ಒತ್ತತೊಡಗಿತು. ಮದುವೆಯಾದಾಗಿನಿಂದ ಆ ಸೊಂಟದ ಸುದ್ದಿಯನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಗುಲಾಬಿ ಬುಟ್ಟಿಯ ಮೇಲಿನ ಸೆರಗು ಸರಿಸಿದಳು.

"ಹ್ವಾಯ್, ಅಳಿಯನಿಗೆ ಎಂತ ಮಾಡ್ತೆ?" ಸಾಕಕ್ಕ ಗಾಬರಿಯಾದಳು.

"ಮೊಟ್ಟಿ ಸಾರು," ಎನ್ನುತ್ತ ಗುಲಾಬಿ ಇಡೀ ಅಂಜಲನ್ನು ಮರಿಯ ಮುಂದಿಟ್ಟಳು.

ಕೆಲವು ವರ್ಷಗಳಲ್ಲಿ ಬೂದು ಮರಿಯ ಸಂತಾನವೇ ಮಾರುಕಟ್ಟೆಯನ್ನು ತುಂಬಿತು. ಮೀನುಗಾರ್ತಿಯರಲ್ಲಿ ಯಾರಿಗೂ ಸೊಂಟನೋವು ಉಳಿಯಲಿಲ್ಲ, ಮನೆಗೊಯ್ಯಲು ಮೀನೂ ಉಳಿಯಲಿಲ್ಲ. ಗಂಗೊಳ್ಳಿಯ ಅಳಿಯಂದಿರು ಮಾತ್ರ ನಿಧಾನವಾಗಿ ಮೊಟ್ಟೆ ಸಾರಿಗೆ ಹೊಂದಿಕೊಂಡರು.